ದಸರಾದಲ್ಲಿ ಮೈಸೂರಿಗೆ ಬಂದ ದುಡ್ಡೆಷ್ಟು, ಉಳಿದ ದುಡ್ಡೆಷ್ಟು? ಲೆಕ್ಕ ಗೊತ್ತಿರುವವರು ಬರೆಯಿರಿ

ಖಾತೆಕಿರ್ದಿ

ದಸರಾ ಮುಗಿದ ಮಾರನೇ ದಿನ ಎರಡು ಮಾತು ಶುರುವಾಗುತ್ತವೆ. ಒಂದು ಕಡೆಯವರು "ಇಷ್ಟು ಕೋಟಿ ಸುರಿದು ಏನು ಬಂತು" ಅಂತಾರೆ. ಇನ್ನೊಂದು ಕಡೆಯವರು "ಊರಿಗೆ ನೂರಾರು ಕೋಟಿ ವಹಿವಾಟು" ಅಂತಾರೆ. ಯಾರ ಕೈಯಲ್ಲೂ ಲೆಕ್ಕದ ಹಾಳೆ ಇರಲ್ಲ. ಲಾಡ್ಜು, ಅಂಗಡಿ, ಹೂವು, ತೆರಿಗೆ, ಕಲಾತಂಡ, ಯಾವುದರ ಒಳಗುಟ್ಟು ಗೊತ್ತಿದ್ದರೂ ಇಲ್ಲಿ ಬರೆಯಿರಿ. ಪಕ್ಷ ರಾಜಕೀಯ ಬೇಡ, "ನಮ್ಮ ಕಾಲದ ದಸರಾ" ನೆನಪೂ ಬೇಡ.

ಮೊದಲು ನನ್ನ ಪಾಲಿನ ಮಾತು. ವಹಿವಾಟು ಬೇರೆ, ಊರಿಗೆ ಆದ ಲಾಭ ಬೇರೆ. ಖರ್ಚಾದ ಪ್ರತಿ ರೂಪಾಯಿಯನ್ನೂ ಮೂರು ಜರಡಿ ಹಿಡಿಯಬೇಕು.

ಒಂದು: ಅದು ಹೊರಗಿನ ದುಡ್ಡೇ? ಕುವೆಂಪುನಗರದ ಸಂಸಾರವೊಂದು ವಸ್ತುಪ್ರದರ್ಶನದಲ್ಲಿ ದೆಹಲಿ ಹಪ್ಪಳ, ಮೆಣಸಿನಕಾಯಿ ಬಜ್ಜಿಗೆ ₹600 ಕೊಟ್ಟರೆ ಊರಿಗೆ ಹೊಸ ದುಡ್ಡೇನೂ ಬರಲಿಲ್ಲ. ಆ ಭಾನುವಾರ ಅದೇ ದುಡ್ಡು ಮಾಲ್‌ನಲ್ಲೋ ಹೋಟೆಲಿನಲ್ಲೋ ಖರ್ಚಾಗುತ್ತಿತ್ತು. ಜೇಬು ಬದಲಾಯಿತು, ಅಷ್ಟೇ.

ಎರಡು: ದಸರಾಕ್ಕೆಂದೇ ಬಂದದ್ದೇ? ಊಟಿಗೆ ಹೊರಟವರು ದಾರಿಯಲ್ಲಿ ದೀಪಾಲಂಕಾರ ನೋಡಿದರೆ ಅವರ ಇಡೀ ಖರ್ಚನ್ನು ದಸರಾ ಖಾತೆಗೆ ಬರೆಯಲಾಗದು. ಇದರ ಉಲ್ಟಾನೂ ಇದೆ. ಗದ್ದಲ, ದರ ನೋಡಿ ಆ ಹತ್ತು ದಿನ ಮೈಸೂರನ್ನೇ ಬಿಟ್ಟು ಬೇರೆಡೆ ಹೋಗುವ ಮಾಮೂಲಿ ಪ್ರವಾಸಿಗರಿದ್ದಾರೆ, ಅವರನ್ನು ಕಳೆಯಬೇಕು.

ಮೂರು: ಊರಲ್ಲಿ ಉಳಿಯಿತೇ? ₹4,000ದ ರೂಮು ಆ್ಯಪ್ ಮೂಲಕ ಬುಕ್ ಆದರೆ, ಕಮಿಷನ್ 20% ಅಂತಿಟ್ಟುಕೊಳ್ಳಿ, ₹800 ಮೊದಲೇ ಹೊರಗೆ ಹೋಯಿತು. ಮಿಕ್ಕದ್ದರಲ್ಲಿ ಸಂಬಳ, ದೋಬಿ, ತರಕಾರಿ, ಹಾಲು ಊರಲ್ಲೇ ಸುತ್ತುತ್ತವೆ. ಮಾಲೀಕರು ಹೊರ ರಾಜ್ಯದ ಕಂಪನಿಯಾದರೆ ಅದರಲ್ಲೂ ಒಂದು ಪಾಲು ಹೊರಗೆ.

ಈ ಸುತ್ತಾಟವನ್ನೇ ಗುಣಕ ಅನ್ನುವುದು. ಬಂದ ಒಂದು ರೂಪಾಯಿಯಲ್ಲಿ ಪ್ರತಿ ಸುತ್ತಿನಲ್ಲೂ 40 ಪೈಸೆ ಊರಲ್ಲೇ ಮತ್ತೆ ಖರ್ಚಾದರೆ ಗುಣಕ 1.67. 20 ಪೈಸೆಯಾದರೆ 1.25. ಭಾಷಣಗಳಲ್ಲಿ "ಮೂರು ಪಟ್ಟು" ಅಂತಾರಲ್ಲ, ಅದಕ್ಕೆ ಪ್ರತಿ ಸುತ್ತಿನಲ್ಲೂ 67 ಪೈಸೆ ಊರೊಳಗೇ ಉಳಿಯಬೇಕು. ಬಟ್ಟೆ ಸೂರತ್ತಿನಿಂದ, ಆಟಿಕೆ ಚೀನಾದಿಂದ, ಗ್ಯಾಸು ಪೆಟ್ರೋಲು ಹೊರಗಿನಿಂದ ಬರುವ ಊರಲ್ಲಿ ಅದು ಆಗುವ ಮಾತಲ್ಲ.

---

ಲಾಡ್ಜ್‌ಕೀಲಿ

ಸರಿಯಾದ ಕಡೆ ಕೈಯಿಟ್ಟಿದ್ದೀರಿ ಸರ್. ಹೋಟೆಲ್ ಧಂದೆಯಲ್ಲಿ ನಾವು ನೋಡೋದು ತಲೆ ಎಷ್ಟು ಬಂತು ಅಂತಲ್ಲ, ರಾತ್ರಿ ಎಷ್ಟು ಉಳಿದರು ಅಂತ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಂಗಳೂರಿನವರಿಗೆ ಇದು ಬೆಳಿಗ್ಗೆ ಬಂದು ರಾತ್ರಿ ವಾಪಸ್ ಹೋಗುವ ಊರು. ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. ಎರಡರಿಂದಲೂ ಜನ ಹೆಚ್ಚಾದರು, ಸುಳ್ಳಲ್ಲ. ಆದರೆ ದಿನದ ಮಟ್ಟಿಗೆ ಬಂದವರು ಊಟ, ತಿಂಡಿ, ಆಟೋ, ಅರಮನೆ ಟಿಕೆಟ್, ಒಂದು ಮೈಸೂರು ಪಾಕ್ ಡಬ್ಬಕ್ಕೆ ಖರ್ಚು ಮಾಡಿ ಹೊರಡುತ್ತಾರೆ. ಒಂದು ರಾತ್ರಿ ಉಳಿದವರು ಎರಡು ಊಟ, ಒಂದು ತಿಂಡಿ, ರೂಮು, ಮಾರನೇ ದಿನದ ಟ್ಯಾಕ್ಸಿ, ಸೀರೆ ಅಂಗಡಿ ಎಲ್ಲಕ್ಕೂ ಕೊಡುತ್ತಾರೆ. ಹಾಗಾಗಿ ಸಂಜೆ ಏಳರ ನಂತರ ನೋಡುವಂಥದ್ದು ಏನಿದೆ, ಮಾರನೇ ಬೆಳಿಗ್ಗೆ ಏನಿದೆ ಅನ್ನುವುದೇ ಹೋಟೆಲಿನವರ ಪಾಲಿಗೆ ದಸರಾ. ಅರಮನೆ ದೀಪ, ಅರಮನೆ ಮುಂದಿನ ಕಛೇರಿ, ಪಂಜಿನ ಕವಾಯತು ಇವು ರಾತ್ರಿ ಉಳಿಸುತ್ತವೆ. ಮಧ್ಯಾಹ್ನದ ಜಂಬೂಸವಾರಿ ಒಂದೇ ಆದರೆ ಉಳಿಸಲ್ಲ.

ಹಬ್ಬ ಯಾವ ವಾರ ಬೀಳುತ್ತೆ ಅನ್ನೋದು ಅಲಂಕಾರಕ್ಕಿಂತ ದೊಡ್ಡ ವಿಷಯ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24, ಮಂಗಳವಾರ. ಶನಿವಾರದಿಂದ ಲೆಕ್ಕ ಹಾಕಿದರೆ ನಾಲ್ಕು ದಿನ ರಜೆ. 2024ರಲ್ಲಿ ಅಕ್ಟೋಬರ್ 12, ಶನಿವಾರ. ಶುಕ್ರವಾರದ ಆಯುಧಪೂಜೆ, ಭಾನುವಾರ ಸೇರಿ ಮೂರು ದಿನ. 2025ರಲ್ಲಿ ಅಕ್ಟೋಬರ್ 2, ಗುರುವಾರ. ಗಾಂಧಿ ಜಯಂತಿ ರಜೆ ಹಬ್ಬದ ಮೇಲೇ ಬಿದ್ದು ಒಂದು ರಜೆ ನಷ್ಟ, ಶುಕ್ರವಾರ ರಜೆ ಹಾಕಿದವರು ಮಾತ್ರ ಉಳಿಯಬಹುದು. ಮೇಲಿಂದ ಅವತ್ತು ಮದ್ಯ ಮಾರಾಟವಿಲ್ಲದ ದಿನ. ಬಾರ್ ಅಂಡ್ ರೆಸ್ಟೋರೆಂಟುಗಳಿಗೆ ವರ್ಷದ ದೊಡ್ಡ ದಿನವೇ ಸೊನ್ನೆ. ಇದನ್ನೆಲ್ಲ ನೋಡದೆ "ಈ ಸಲ ದಸರಾ ಡಲ್" ಅಂತ ಬರೆದುಬಿಡ್ತಾರೆ.

ದರದ ವಿಷಯದಲ್ಲಿ ನಮ್ಮವರೇ ಮಾಡಿಕೊಳ್ಳುವ ಎಡವಟ್ಟು ಒಂದಿದೆ, ₹7,500ರ ಗೆರೆ. ತೆರಿಗೆ ಗೊತ್ತಿರುವವರು ಬಿಡಿಸಿ ಹೇಳಲಿ.

---

ತೆರಿಗೆಮಾತು

ಹೇಳ್ತೀನಿ. 2025ರ ಸೆಪ್ಟೆಂಬರ್ 22ರಿಂದ, ಅಂದರೆ ಆ ವರ್ಷ ದಸರಾ ಶುರುವಾದ ದಿನದಿಂದಲೇ, ದಿನಕ್ಕೆ ₹7,500ರವರೆಗಿನ ರೂಮಿಗೆ ಜಿಎಸ್‌ಟಿ 5%. ಹೂಡುವಳಿ ತೆರಿಗೆ ವಾಪಸಾತಿ, ಅಂದರೆ ಹೋಟೆಲಿನವರು ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳುವುದು, ಸಿಗಲ್ಲ. ಅದಕ್ಕೆ ಮೇಲ್ಪಟ್ಟರೆ 18%.

₹7,500ಕ್ಕೆ ಕೊಟ್ಟರೆ ಗಿರಾಕಿ ಕಟ್ಟುವುದು ₹7,875. ಅದೇ ರೂಮು ₹7,600 ಮಾಡಿದರೆ ಕಟ್ಟುವುದು ₹8,968. ನೂರು ರೂಪಾಯಿ ಆಸೆಗೆ ಗಿರಾಕಿ ಮೇಲೆ ಸಾವಿರಕ್ಕೂ ಹೆಚ್ಚು ಹೊರೆ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ, ಬಹಳ ಮಂದಿಗೆ ಗೊತ್ತಿಲ್ಲ. 2025ರ ಏಪ್ರಿಲ್ 1ರಿಂದ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ 5% ಹಾಕಬೇಕೋ 18% ಹಾಕಬೇಕೋ ಅನ್ನುವುದು ಹಿಂದಿನ ಹಣಕಾಸು ವರ್ಷದಲ್ಲಿ ಪಡೆದ ರೂಮು ಬಾಡಿಗೆಯ ಮೇಲೆ ನಿಂತಿದೆ. ವರ್ಷದಲ್ಲಿ ಯಾವುದಾದರೂ ಒಂದು ರೂಮನ್ನು ಒಂದು ದಿನ ₹7,500 ದಾಟಿಸಿ ಕೊಟ್ಟಿದ್ದರೂ ಮುಂದಿನ ವರ್ಷ ಪೂರ್ತಿ ಆ ರೆಸ್ಟೋರೆಂಟಿನ ಇಡ್ಲಿ ವಡೆಗೆ 18%. ಆಗ ವಾಪಸಾತಿ ಸಿಗುತ್ತೆ ನಿಜ, ಆದರೆ ಪಕ್ಕದ ಬೀದಿಯ ಹೋಟೆಲಿನಲ್ಲಿ 5% ಇರುವಾಗ ಗಿರಾಕಿ ನಿಮ್ಮಲ್ಲಿಗೆ ಯಾಕೆ ಬರ್ತಾನೆ? ಮಾಮೂಲಿ ದಿನ ₹3,500–4,000ದ ರೂಮು ಇಟ್ಟುಕೊಂಡವರು ಜಂಬೂಸವಾರಿ ರಾತ್ರಿ ಒಂದಕ್ಕೆ ₹8,000 ಮಾಡಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಬುಕಿಂಗ್ ಆ್ಯಪ್‌ಗಳಲ್ಲಿ ದರ ತಾನಾಗಿ ಏರುವ ವ್ಯವಸ್ಥೆ ಇದ್ದರೆ ಗರಿಷ್ಠ ಮಿತಿ ₹7,500 ಅಂತ ಕೈಯಾರೆ ಹಾಕಿಡಿ.

ಟಿಕೆಟ್ ಕಾರ್ಯಕ್ರಮಗಳಿಗೂ ಹೀಗೇ ಒಂದು ಗೆರೆ. ಸಂಗೀತ, ನೃತ್ಯ, ನಾಟಕಕ್ಕೆ ಪ್ರವೇಶ ದರ ತಲೆಗೆ ₹500ರವರೆಗೆ ಇದ್ದರೆ ಜಿಎಸ್‌ಟಿ ಇಲ್ಲ, ದಾಟಿದರೆ 18%. ಹಾಗಾಗಿ ₹550 ಟಿಕೆಟ್ ಇಡುವುದು ದಡ್ಡತನ. ₹500 ಇಡಿ, ಇಲ್ಲಾಂದ್ರೆ ₹700 ಇಟ್ಟು ಅದಕ್ಕೆ ತಕ್ಕ ಕುರ್ಚಿ, ನೆರಳು ಕೊಡಿ.

---

ಶೆಟ್ರಅಂಗಡಿ

ಇಷ್ಟೆಲ್ಲ ಜಿಎಸ್‌ಟಿ ಬರುತ್ತಲ್ಲ ಸರ್, ಅದರಲ್ಲಿ ನಮ್ಮ ಮಹಾನಗರ ಪಾಲಿಕೆಗೆ ಎಷ್ಟು?

---

ತೆರಿಗೆಮಾತು

ನೇರವಾಗಿ ಒಂದು ಪೈಸೆಯೂ ಇಲ್ಲ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ, ಮದ್ಯದ ತೆರಿಗೆ ರಾಜ್ಯಕ್ಕೆ, ವೃತ್ತಿ ತೆರಿಗೆಯೂ ರಾಜ್ಯಕ್ಕೆ. ಪಾಲಿಕೆ ಕೈಯಲ್ಲಿರುವುದು ಆಸ್ತಿ ತೆರಿಗೆ, ಉದ್ದಿಮೆ ಪರವಾನಗಿ, ಜಾಹೀರಾತು, ಮಾರುಕಟ್ಟೆ ಮಳಿಗೆ ಬಾಡಿಗೆ, ಪಾರ್ಕಿಂಗ್. ಹಬ್ಬದ ಹತ್ತು ದಿನಕ್ಕೆ ಆಸ್ತಿ ತೆರಿಗೆ ಹೆಚ್ಚಾಗಲ್ಲ. ಖರ್ಚು ನೋಡಿ: ರಸ್ತೆ ತೇಪೆ, ಕಸ, ಸಂಚಾರಿ ಶೌಚಾಲಯ, ಕುಡಿಯುವ ನೀರು, ಪೌರಕಾರ್ಮಿಕರ ರಾತ್ರಿ ಪಾಳಿ, ಎಲ್ಲ ಪಾಲಿಕೆಯ ತಲೆಗೆ. ಸರ್ಕಾರದ ದಸರಾ ಅನುದಾನದಲ್ಲಿ ಒಂದು ಭಾಗ ಬರುತ್ತೆ, ಅದು ಬೇರೆ. ಲಾಭ ಕಾಣುವ ಖಾತೆ ಒಂದು, ಖರ್ಚು ಬೀಳುವ ಖಾತೆ ಇನ್ನೊಂದು ಆದ್ದರಿಂದಲೇ "ದಸರಾ ನಷ್ಟ" ಅನ್ನುವವರಿಗೂ "ದಸರಾ ಲಾಭ" ಅನ್ನುವವರಿಗೂ ತೋರಿಸಲು ಕಾಗದ ಸಿಗೋದು.

ದಾರಿ ಇಲ್ಲವೇ ಅಂದರೆ ಇದೆ. ಮನರಂಜನಾ ತೆರಿಗೆ 2017ರಲ್ಲಿ ಜಿಎಸ್‌ಟಿಯೊಳಗೆ ಹೋಯಿತು, ಆದರೆ ಸಂವಿಧಾನದ 101ನೇ ತಿದ್ದುಪಡಿ ಸ್ಥಳೀಯ ಸಂಸ್ಥೆಗಳು ಅದನ್ನು ವಿಧಿಸಿ ವಸೂಲಿ ಮಾಡುವುದಕ್ಕೆ ಜಾಗ ಉಳಿಸಿದೆ. ರಾಜ್ಯದ ಕಾನೂನು ಅದಕ್ಕೆ ಒತ್ತಾಸೆಯಾಗಿ ಬರಬೇಕು. ಸುಲಭದ ದಾರಿ ಅಂದರೆ ಪ್ರಾಯೋಜಕರ ಜಾಹೀರಾತು ಫಲಕಗಳಿಗೆ ಸರಿಯಾದ ಬಾಡಿಗೆ ಮತ್ತು ಪಾರ್ಕಿಂಗ್. ಎರಡನ್ನೂ ಹಬ್ಬದ ಹಿಂದಿನ ವಾರ ಅವಸರದಲ್ಲಿ ಹರಾಜು ಹಾಕಿದರೆ ಮೂರು ಕಾಸಿಗೆ ಹೋಗುತ್ತೆ.

---

ಬಂಬೂಬಜಾರ್

ತಲೆ ಲೆಕ್ಕದ ಬಗ್ಗೆಯೂ ಮಾತಾಡೋಣ. "ಜಂಬೂಸವಾರಿಗೆ ಹತ್ತು ಲಕ್ಷ ಜನ" ಅಂತ ಯಾರಾದರೂ ಹೇಳಿದರೆ ಟೇಪು ಹಿಡಿಯಿರಿ. ಅರಮನೆಯಿಂದ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಕಾಲೇಜು ವೃತ್ತ, ಬಂಬೂ ಬಜಾರ್, ಹೈವೇ ವೃತ್ತ ದಾಟಿ ಬನ್ನಿಮಂಟಪಕ್ಕೆ ಸುಮಾರು 5 ಕಿ.ಮೀ. ಎರಡೂ ಬದಿ ಸರಾಸರಿ 5 ಮೀಟರ್ ಆಳಕ್ಕೆ ಜನ ನಿಂತರೆ 50,000 ಚದರ ಮೀಟರ್. ಚದರ ಮೀಟರಿಗೆ ಮೂವರು ಅಂದರೆ ಒಂದೂವರೆ ಲಕ್ಷ, ನಾಲ್ವರು ಒತ್ತಿಕೊಂಡು ನಿಂತರೆ ಎರಡು ಲಕ್ಷ. ಹತ್ತು ಲಕ್ಷ ಆಗಬೇಕಾದರೆ ಎರಡೂ ಕಡೆ 25 ಮೀಟರ್ ಆಳಕ್ಕೆ ಅಷ್ಟೇ ಒತ್ತಾಗಿ ನಿಲ್ಲಬೇಕು. ಸಯ್ಯಾಜಿರಾವ್ ರಸ್ತೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಮಾಳಿಗೆ, ಅರಮನೆ ಆವರಣ, ವೃತ್ತಗಳಲ್ಲಿ ನಿಂತವರನ್ನು ಸೇರಿಸಿದರೂ ಅಲ್ಲಿಗೆ ಮುಟ್ಟಲ್ಲ.

ಇನ್ನೊಂದು. ಜಂಬೂಸವಾರಿ ಹೋಗುವ ಬೀದಿಯ ಅಂಗಡಿಗಳಿಗೆ ಆ ದಿನ ವ್ಯಾಪಾರ ಇರಲ್ಲ. ಬೆಳಿಗ್ಗೆಯಿಂದ ಬ್ಯಾರಿಕೇಡ್, ಬಾಗಿಲು ಮುಚ್ಚಬೇಕು, ಜನ ಕಟ್ಟೆ ಮೇಲೆ ಕೂತಿರ್ತಾರೆ. ಆ ಬೀದಿಗಳಲ್ಲಿ ಬಟ್ಟೆ ವ್ಯಾಪಾರ ಆಗುವುದು ಹಬ್ಬದ ಹಿಂದಿನ ವಾರ. ಸಂಚಾರ ಬದಲಾವಣೆ ಎಷ್ಟು ದಿನ ಮೊದಲು ಜಾರಿಯಾಗುತ್ತೆ ಅನ್ನುವುದೇ ಅವರಿಗೆ ಲಾಭ ನಷ್ಟ.

---

ಖಾತೆಕಿರ್ದಿ

ಬಂಬೂಬಜಾರ್ ಅವರ ಗಣಿತಕ್ಕೆ ಶರಣು. ಟೋಲ್ ಲೆಕ್ಕಕ್ಕೂ ಇದೇ ಎಚ್ಚರ ಬೇಕು. ದಶಪಥದ ಗಣಂಗೂರು ಟೋಲ್‌ನಲ್ಲಿ ಒಂದೇ ಕಾರು ಬರುವಾಗೊಮ್ಮೆ ಹೋಗುವಾಗೊಮ್ಮೆ ಎಣಿಕೆಯಾಗುತ್ತೆ. ಹಳೇ ರಸ್ತೆಯಲ್ಲಿ ಬಂದವರು ಸಿಗಲ್ಲ.

ದಶಪಥದ ಮಾತು ಬಂದದ್ದಕ್ಕೆ: ಮೈಸೂರಿನ ಲೆಕ್ಕ ಬರೆಯುವಾಗ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಹೆದ್ದಾರಿ ಬದಿಯ ಅಂಗಡಿಗಳ ಕಾಲಂ ಒಂದು ಇರಬೇಕು. ಬೈಪಾಸ್ ಬಂದ ಮೇಲೆ ಮದ್ದೂರು ವಡೆಗೂ ಚನ್ನಪಟ್ಟಣದ ಗೊಂಬೆಗೂ ದಸರಾ ಗಿರಾಕಿ ನಿಲ್ಲುವುದು ಕಡಿಮೆಯಾಗಿದೆ. ನವರಾತ್ರಿಗೆ ಮನೆಮನೆಯಲ್ಲೂ ಗೊಂಬೆ ಕೂರಿಸುವ ನಾಡಿನಲ್ಲಿ ಗೊಂಬೆ ಮಾಡುವ ಊರನ್ನೇ ಹಬ್ಬದ ದಾರಿ ತಪ್ಪಿಸಿ ಹೋಗುತ್ತಿದೆ. ರಾಜ್ಯಕ್ಕೆ ಇದು ಹೊಸ ಲಾಭವಲ್ಲ, ಒಂದೂರಿನಿಂದ ಇನ್ನೊಂದೂರಿಗೆ ಸರಿದ ವ್ಯಾಪಾರ.

---

ಗಂಗೋತ್ರಿಬಯಲು

ಕೋಲ್ಕತ್ತದ ದುರ್ಗಾಪೂಜೆಗೆ ಇಂಥ ಅಧ್ಯಯನ ಆಗಿದೆಯಲ್ಲ. ಬ್ರಿಟಿಷ್ ಕೌನ್ಸಿಲ್ ಮಾಡಿಸಿದ್ದು, 2019ರ ಹಬ್ಬದ್ದು. ₹32,377 ಕೋಟಿ, ಪಶ್ಚಿಮ ಬಂಗಾಳದ ಒಟ್ಟು ಉತ್ಪನ್ನದ 2.58%. ಯುನೆಸ್ಕೊ ಪಟ್ಟಿಗೂ 2021ರಲ್ಲಿ ಸೇರಿತು. ನಮ್ಮದು ನಾಡಹಬ್ಬ, ನಮಗೇಕೆ ಇಂಥದ್ದು ಬೇಡ?

---

ಖಾತೆಕಿರ್ದಿ

ಬೇಕು ಮೇಡಂ. ಆದರೆ ಆ ಅಂಕಿಯನ್ನು ಬಿಡಿಸಿ ನೋಡಿ. ಅದರಲ್ಲಿ ₹27,000 ಕೋಟಿಗೂ ಹೆಚ್ಚು ಬರೀ ಚಿಲ್ಲರೆ ಮಾರಾಟ, ಮುಖ್ಯವಾಗಿ ಹಬ್ಬದ ಖರೀದಿ. ಪೆಂಡಾಲ್, ಮೂರ್ತಿ, ದೀಪ, ಮುದ್ರಣ, ಜಾಹೀರಾತು ಎಲ್ಲ ಸೇರಿ ಮಿಕ್ಕದ್ದು. ಅದು ರಾಜ್ಯದೊಳಗೆ ಹಬ್ಬದ ಸುತ್ತ ಎಷ್ಟು ದುಡ್ಡು ಓಡಾಡುತ್ತೆ ಅಂತ ಹೇಳುತ್ತೆ. ಹಬ್ಬ ಇಲ್ಲದಿದ್ದರೆ ಎಷ್ಟು ಕಡಿಮೆಯಾಗುತ್ತಿತ್ತು ಅನ್ನುವುದು ಬೇರೆ ಪ್ರಶ್ನೆ. ಪೂಜೆಗೆ ಕೊಳ್ಳದಿದ್ದರೆ ಜನ ಬಟ್ಟೆಯನ್ನೇ ಕೊಳ್ಳುತ್ತಿರಲಿಲ್ಲವೇ?

ಅವರಿಂದ ಕಲಿಯಬೇಕಾದ್ದು ಒಟ್ಟು ಅಂಕಿಯಲ್ಲ, ವಿಂಗಡಣೆ. ಕುಮಾರಟುಲಿಯ ಮೂರ್ತಿ ಕೆಲಸಗಾರನಿಗೆ, ದೀಪ ಹಾಕುವವನಿಗೆ, ಪೆಂಡಾಲ್ ಕಟ್ಟುವವನಿಗೆ ಬೇರೆ ಬೇರೆ ಸಾಲು ಇದೆ. ನಮ್ಮಲ್ಲಿ ಆನೆ ಮಾವುತ, ಕಾವಾಡಿ, ಟಾಂಗಾ ಗಾಡಿ, ಮಲ್ಲಿಗೆ ಮಾಲೆ ಕಟ್ಟುವವರು, ಬೀಟೆ ಕೆತ್ತನೆಯವರು, ಅಗರಬತ್ತಿ ಹೊಸೆಯುವವರು, ಯಾರಿಗೂ ಸಾಲು ಇಲ್ಲ. "ಪ್ರವಾಸೋದ್ಯಮ" ಅಂತ ಒಂದೇ ಗಂಟು.

---

ಹೂವಿನಮಂಡಿ

ಹೂವಿನ ಸಾಲು ನಾನು ಬರೀತೀನಿ. ನಗರಕ್ಕೆ ಬಂದ ದುಡ್ಡು ಹಳ್ಳಿಗೆ ಇಳಿಯುವ ಸೀದಾ ದಾರಿ ಆಯುಧಪೂಜೆಯೇ. ಚೆಂಡು ಹೂವು, ಸೇವಂತಿಗೆ, ಬಾಳೆಕಂದು, ಬೂದುಗುಂಬಳ, ನಿಂಬೆಹಣ್ಣು, ಮಾವಿನಸೊಪ್ಪು. ಬಸ್ ಡಿಪೋದಿಂದ ಗ್ಯಾರೇಜಿನವರೆಗೆ ಎಲ್ಲರಿಗೂ ಒಂದೇ ದಿನ ಬೇಕು.

ಚೆಂಡು ಹೂವು ಸಸಿ ನಾಟಿ ಮಾಡಿದ 55–65 ದಿನಕ್ಕೆ ಕೊಯ್ಲಿಗೆ ಬರುತ್ತೆ. ಸಸಿಮಡಿಗೆ ಅದಕ್ಕೂ ಮೊದಲು 25–30 ದಿನ. ಅಂದರೆ ಬೀಜ ಹಾಕಬೇಕಾದ್ದು ಆಯುಧಪೂಜೆಗೆ ಸರಿಸುಮಾರು ಮೂರು ತಿಂಗಳು ಮುಂಚೆ. ಇಲ್ಲೇ ಜನ ಎಡವೋದು. ಚಾಂದ್ರಮಾನ ಲೆಕ್ಕದಲ್ಲಿ ಹಬ್ಬ ವರ್ಷಕ್ಕೆ ಹತ್ತು ಹನ್ನೆರಡು ದಿನ ಬೇಗ ಬರುತ್ತಾ ಹೋಗುತ್ತೆ, 2023ರಲ್ಲಿ ಅಕ್ಟೋಬರ್ 24, ಆಮೇಲೆ 12, ಆಮೇಲೆ 2. ಅಧಿಕಮಾಸ ಬಂದ ವರ್ಷ ಒಮ್ಮೆಲೇ ತಡವಾಗುತ್ತೆ. 2026ರಲ್ಲಿ ಅಧಿಕ ಜ್ಯೇಷ್ಠ ಇರೋದರಿಂದ ಹಬ್ಬ ಅಕ್ಟೋಬರ್ ಮೂರನೇ ವಾರಕ್ಕೆ. "ಹೋದ ವರ್ಷ ಜುಲೈ ಮೊದಲ ವಾರ ಬೀಜ ಹಾಕಿದ್ವಿ" ಅಂತ ಹಾಗೇ ಮಾಡಿದರೆ ಮೊದಲ ಒಳ್ಳೇ ಕೊಯ್ಲು ಹಬ್ಬಕ್ಕೆ ಎರಡು ವಾರ ಮೊದಲೇ ಮುಗಿದಿರುತ್ತೆ. ಎಕರೆ ಪೂರ್ತಿ ಒಂದೇ ದಿನ ನಾಟಿ ಮಾಡಬೇಡಿ, ಎಂಟು ದಿನದ ಅಂತರದಲ್ಲಿ ಎರಡು ಭಾಗ ಮಾಡಿ. ಕೊಯ್ಲಿನ ಹೊತ್ತಿಗೆ ಜೋರು ಮಳೆ ಬಂದರೆ ಹೂವಲ್ಲಿ ನೀರು ನಿಂತು ಎರಡು ದಿನಕ್ಕೆ ಕಪ್ಪಾಗುತ್ತೆ, ಒಂದು ಭಾಗವಾದರೂ ಉಳಿಯಲಿ.

ಬೂದುಗುಂಬಳಕ್ಕೆ ಈ ಅವಸರ ಇಲ್ಲ. ತೊಟ್ಟು ಸಮೇತ ಕೊಯ್ದು ನೆರಳಲ್ಲಿ, ಹುಲ್ಲಿನ ಮೇಲೆ, ಒಂದರ ಮೇಲೊಂದು ಪೇರಿಸದೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತೆ.

ಖರ್ಚಿನ ಕಡೆ: ಮಾರನೇ ಬೆಳಿಗ್ಗೆ ಊರಿನ ಪ್ರತಿ ವೃತ್ತದಲ್ಲಿ ಒಡೆದ ಕುಂಬಳ, ಕುಂಕುಮದ ನೀರು, ವ್ಯಾಪಾರ ಆಗದೆ ಬಿಟ್ಟುಹೋದ ಬಾಳೆಕಂದಿನ ರಾಶಿ. ಕುಂಬಳದ ತಿರುಳಿನ ಮೇಲೆ ಸ್ಕೂಟರ್ ಜಾರುತ್ತೆ. ಬಾಳೆಕಂದು ಕಸದ ಗಾಡಿಯಲ್ಲಿ ತೂಕಕ್ಕಿಂತ ಜಾಗ ಹೆಚ್ಚು ತಿನ್ನುತ್ತೆ, ಉದ್ದುದ್ದ ಹಾಕಿದರೆ ಅರ್ಧ ಗಾಡಿ ಗಾಳಿ. ಮಾರುವ ಜಾಗದಲ್ಲೇ ಕತ್ತರಿಸುವ ಯಂತ್ರ ಇಟ್ಟು ಸಂಜೆ ಉಳಿದದ್ದನ್ನು ಅಲ್ಲೇ ತುಂಡು ಮಾಡಿಸಿದರೆ ಗಾಡಿ ಸುತ್ತು ಕಡಿಮೆ, ಗೊಬ್ಬರಕ್ಕೂ ಬೇಗ.

---

ನಗಾರಿತಂಡ

ಕಲಾತಂಡಗಳ ಕಡೆಯಿಂದ ಎರಡು ಮಾತು.

ದೊಡ್ಡ ವೇದಿಕೆಗೆ ಮುಂಬೈ, ಚೆನ್ನೈನಿಂದ ತಾರೆಯರನ್ನು ಕರೆಸಿದಾಗ ಆ ಸಂಭಾವನೆ ಅದೇ ರಾತ್ರಿ ವಿಮಾನ ಹತ್ತುತ್ತೆ. ಅವರಿಂದ ಜನ ಸೇರುತ್ತಾರೆ, ಒಪ್ಪೋಣ. ಆದರೆ ಸೇರಿದ ಜಾಗ ಯಾವುದು? ಯುವಜನರಿಗಾಗಿ ನಡೆಯುವ ಯುವ ದಸರಾ ಮಹಾರಾಜ ಕಾಲೇಜು ಮೈದಾನದಲ್ಲಿದ್ದಾಗ ಕಾರ್ಯಕ್ರಮ ಬಿಟ್ಟ ಜನ ನಡೆದುಕೊಂಡೇ ಹೋಟೆಲು, ಬೇಕರಿ, ತಳ್ಳುಗಾಡಿಗೆ ಹಂಚಿಹೋಗುತ್ತಿದ್ದರು. 2024ರಲ್ಲಿ ಅದನ್ನು ಊರಾಚೆ ಉತ್ತನಹಳ್ಳಿ ಬಳಿಗೆ ಒಯ್ದರು. ಜನದಟ್ಟಣೆ, ಸುರಕ್ಷತೆ ಲೆಕ್ಕದಲ್ಲಿ ಸರಿಯಿರಬಹುದು. ವ್ಯಾಪಾರದ ಲೆಕ್ಕದಲ್ಲಿ ಜನ ಗಾಡಿಯಿಂದ ಇಳಿದು, ನೋಡಿ, ಗಾಡಿ ಹತ್ತಿ ಹೋದರು. ರಿಂಗ್ ರಸ್ತೆಯಲ್ಲಿ ಗಂಟೆಗಟ್ಟಲೆ ಸುಟ್ಟ ಪೆಟ್ರೋಲು ಊರಿನ ಲಾಭದ ಖಾತೆಗೆ ಬರಲ್ಲ.

ಎರಡನೆಯದು ಪಾವತಿ. ಹದಿನೈದು ಜನರ ಡೊಳ್ಳು ಅಥವಾ ಕಂಸಾಳೆ ತಂಡಕ್ಕೆ ₹60,000 ಅಂದುಕೊಳ್ಳಿ. ದುಡ್ಡು ನಾಯಕನ ಒಬ್ಬನ ಖಾತೆಗೆ ಬರುತ್ತೆ. ಆಗ ಆಗುವ ತೊಂದರೆ: ಆ ಇಡೀ ₹60,000 ಅವನ ಆದಾಯ ಅಂತ ಆದಾಯ ತೆರಿಗೆ ಕಡತದಲ್ಲಿ ಕೂರುತ್ತೆ. ಕೆಲವು ಕಚೇರಿ ಅದನ್ನು ಗುತ್ತಿಗೆ ಅಂತ 1% ಮೂಲದಲ್ಲೇ ಕಡಿತ ಮಾಡುತ್ತೆ, ಕೆಲವು ವೃತ್ತಿ ಶುಲ್ಕ ಅಂತ 10%. ಪ್ಯಾನ್ ಕೊಡದಿದ್ದರೆ 20%. ₹60,000ಕ್ಕೆ ₹12,000 ಹೋಯಿತು, ರಿಟರ್ನ್ಸ್ ಹಾಕಿ ವಾಪಸ್ ತರಿಸುವಷ್ಟು ತಾಳ್ಮೆ ಹಳ್ಳಿಯ ತಂಡಕ್ಕೆ ಎಲ್ಲಿಂದ ಬರಬೇಕು.

ಪರಿಹಾರ: ತಂಡವನ್ನು ಸಂಘವಾಗಿ ನೋಂದಾಯಿಸಿ ಸಂಘದ ಹೆಸರಲ್ಲೇ ಪ್ಯಾನ್, ಬ್ಯಾಂಕ್ ಖಾತೆ ಮಾಡಿಸಿ. ಅರ್ಜಿ ಹಾಕುವಾಗಲೇ ಪಾಸ್‌ಬುಕ್ ಮೊದಲ ಪುಟದ ಪ್ರತಿ ಕೊಡಿ. ಹೆಸರಿನ ಕಾಗುಣಿತ ಪ್ಯಾನ್‌ನಲ್ಲಿ, ಆಧಾರ್‌ನಲ್ಲಿ, ಪಾಸ್‌ಬುಕ್‌ನಲ್ಲಿ ಒಂದೇ ಇರಲಿ. ಬಿಲ್ಲು ಖಜಾನೆಯಿಂದ ಹಿಂದಕ್ಕೆ ಬರಲು ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ ಸಂಖ್ಯೆ) ತಪ್ಪೊಂದೇ ಸಾಕು. ಬ್ಯಾಂಕುಗಳ ವಿಲೀನದಲ್ಲಿ ಹಳೇ ಸಂಖ್ಯೆ ಬದಲಾಗಿರೋದನ್ನ ಬಹಳ ತಂಡಗಳು ಗಮನಿಸಿರಲ್ಲ.

ನಗರದ ಲೆಕ್ಕಕ್ಕೆ ಇದು ಯಾಕೆ ಬೇಕು ಅಂದರೆ, ಹಬ್ಬದ ದಿನವೇ ಕೈಗೆ ಬಂದ ದುಡ್ಡು ದೇವರಾಜ ಮಾರುಕಟ್ಟೆಯಲ್ಲೇ ಅರ್ಧ ಖರ್ಚಾಗುತ್ತೆ. ಆರು ತಿಂಗಳ ಮೇಲೆ ಬಂದದ್ದು ಊರಿನ ಸಾಲಕ್ಕೆ ಹೋಗುತ್ತೆ.

---

ಶೆಟ್ರಅಂಗಡಿ

ಆಹಾರ ಮೇಳ, ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕುವವರಿಗೆ ಲೆಕ್ಕ ಹೇಳ್ತೀನಿ. ಬಾಡಿಗೆ ಕೇಳಿ ಹೆದರುವವರೂ ಇದ್ದಾರೆ, ಕೇಳದೆ ಧುಮುಕುವವರೂ ಇದ್ದಾರೆ. ಹತ್ತು ದಿನಕ್ಕೆ ಬಾಡಿಗೆ ₹60,000 ಅಂತ ಇಟ್ಟುಕೊಳ್ಳಿ, ಸಾಮಾನು ಕೂಲಿ ಎಲ್ಲ ಕಳೆದು ಮಾರಾಟದ 40% ಕೈಯಲ್ಲಿ ಉಳಿಯುತ್ತೆ ಅಂತಿಟ್ಟುಕೊಳ್ಳಿ. ಬಾಡಿಗೆ ಹುಟ್ಟಲಿಕ್ಕೇ ₹1,50,000 ವ್ಯಾಪಾರ ಆಗಬೇಕು, ದಿನಕ್ಕೆ ₹15,000. ತಟ್ಟೆಗೆ ₹50 ಆದರೆ 300 ತಟ್ಟೆ. ನಿಜವಾದ ವ್ಯಾಪಾರ ಸಂಜೆ 5ರಿಂದ 10, ಐದು ಗಂಟೆ. ಗಂಟೆಗೆ 60, ಅಂದರೆ ನಿಮಿಷಕ್ಕೆ ಒಂದು ತಟ್ಟೆ. ಇದು ಬಾಡಿಗೆಗೆ ಮಾತ್ರ, ಲಾಭ ಅದರ ಮೇಲಿನದ್ದು. ಒಂದೇ ಬಾಣಲೆ, ಒಂದೇ ಕೌಂಟರ್ ಇಟ್ಟುಕೊಂಡು ಹೋದವರು ಜನ ಇದ್ದೂ ಸೋಲುವುದು ಇದಕ್ಕೇ. ದುಡ್ಡು ತಗೊಳ್ಳೋನು ಬೇರೆ, ಬಡಿಸೋನು ಬೇರೆ ಇರಲಿ. ಸಾವಿರಾರು ಮೊಬೈಲ್ ಒಟ್ಟಿಗೆ ಸೇರಿದಾಗ ನೆಟ್‌ವರ್ಕ್ ಬಿದ್ದು ಯುಪಿಐ ಸುತ್ತುತ್ತಾ ಕೂರುತ್ತೆ, ಎರಡು ಕಂಪನಿಯ ಸಿಮ್ಮು ಮತ್ತು ಹತ್ತರ ಇಪ್ಪತ್ತರ ಚಿಲ್ಲರೆ ಎರಡೂ ಬೇಕು.

ಆದಿವಾಸಿಗಳ ಬೊಂಬು ಬಿರಿಯಾನಿ ಮಳಿಗೆ ಮುಂದೆ ಸಾಲು ನಿಲ್ಲುತ್ತಲ್ಲ, ಅಲ್ಲಿ ರುಚಿ ಎಷ್ಟೋ ಅಷ್ಟೇ ನೋಟ. ಬಿದಿರು ಕೆಂಡದ ಮೇಲೆ ಬೇಯುವುದು ಕಣ್ಣಿಗೆ ಕಾಣುತ್ತೆ, ಜನ ಕಾಯಲು ಬೇಸರಪಡಲ್ಲ. ಇಂಥ ಮಳಿಗೆಯ ದುಡ್ಡು ಆದಿವಾಸಿಗಳು ವಾಸಿಸುವ ಹಾಡಿಗೆ ಹೋಗುತ್ತೆ, ಸೋರಿಕೆ ಅತಿ ಕಡಿಮೆ.

ಕಾಗದಪತ್ರ: ಸಣ್ಣ ಆಹಾರ ವ್ಯಾಪಾರಿಗಳಿಗೆ ವರ್ಷಕ್ಕೆ ₹100 ಶುಲ್ಕದ ಆಹಾರ ಸುರಕ್ಷತಾ ನೋಂದಣಿ. 19 ಕೆ.ಜಿ. ವಾಣಿಜ್ಯ ಸಿಲಿಂಡರು, ಮನೆಯ 14.2 ಕೆ.ಜಿ. ಸಿಲಿಂಡರ್ ಕಂಡರೆ ಎತ್ತಿಕೊಂಡು ಹೋಗ್ತಾರೆ. ಅಕ್ಟೋಬರ್ ಮಳೆ ಸಂಜೆ ಹೊತ್ತಿಗೇ ಬರೋದು. ಸಾಮಾನಿಗೆ ನೆಲದಿಂದ ಒಂದಡಿ ಎತ್ತರದ ಹಲಗೆ, ವೈರಿನ ಜೋಡಣೆ ನೆಲದ ಮೇಲೆ ಬಿಡದೆ ಕಂಬಕ್ಕೆ ಕಟ್ಟಿ, ಸೋರುವ ಕರೆಂಟು ತಡೆಯುವ ಬ್ರೇಕರ್ ಹಾಕಿಸಿ. ಒದ್ದೆ ನೆಲದ ಮಳಿಗೆಯಲ್ಲಿ ಶಾಕ್ ಹೊಡೆದರೆ ಇಡೀ ಸಾಲನ್ನೇ ಮುಚ್ಚಿಸ್ತಾರೆ.

---

ತೆರಿಗೆಮಾತು

ಇದಕ್ಕೆ ಸೇರಿಸಿ: ಹೊರ ರಾಜ್ಯದಿಂದ ಬಂದು ಮಳಿಗೆ ಹಾಕುವವರು ಇಲ್ಲಿ ತಾತ್ಕಾಲಿಕ ವ್ಯಾಪಾರಿ ಅಂತ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ವ್ಯಾಪಾರ ಶುರುವಾಗುವ ಕನಿಷ್ಠ 5 ದಿನ ಮೊದಲು ಅರ್ಜಿ, ಅಂದಾಜು ತೆರಿಗೆ ಮುಂಗಡ ಕಟ್ಟಬೇಕು, 90 ದಿನ ಚಾಲ್ತಿ, ಬೇಕಾದರೆ ಇನ್ನೊಂದು 90 ದಿನ. ದಸರಾ ವಸ್ತುಪ್ರದರ್ಶನ ಮೂರು ತಿಂಗಳ ಆಸುಪಾಸು ನಡೆಯುವುದರಿಂದ ಅವಧಿ ಮುಗಿಯುವ ಮುಂಚೆ ವಿಸ್ತರಣೆ ಕೇಳುವುದನ್ನು ಮರೆಯಬೇಡಿ. ಪಟ್ಟಿಯಲ್ಲಿರುವ ಕರಕುಶಲ ವಸ್ತು ಮಾರುವವರಿಗೆ ವಹಿವಾಟು ಮಿತಿಯೊಳಗಿದ್ದರೆ ವಿನಾಯಿತಿ ಇದೆ, ಪ್ಯಾನ್ ಮತ್ತು ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಚೀಟಿ) ಇರಲೇಬೇಕು.

---

ಪರಿಷೆಕಡಲೆ

ಬೆಂಗಳೂರಿನಿಂದ ಒಂದು ಮಾತು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಆನೆಯೂ ಇಲ್ಲ, ನಿಮ್ಮ ದಸರಾದ ದುಬಾರಿ ಪಾಸು ಗೋಲ್ಡ್ ಕಾರ್ಡೂ ಇಲ್ಲ. ಕಾರ್ತಿಕದ ಕೊನೇ ಸೋಮವಾರ ರೈತ ಮೂಟೆ ತಂದು ಸೇರಿನಲ್ಲಿ ಅಳೆದು ಕೊಟ್ಟು ದುಡ್ಡು ತಗೊಂಡು ಹೋಗ್ತಾನೆ. ಮಧ್ಯದಲ್ಲಿ ಕೆಡುತ್ತಿದ್ದದ್ದು ಒಂದೇ ಕಡೆ, ಜಾಗದ ಸುಂಕ ವಸೂಲಿಯನ್ನು ಗುತ್ತಿಗೆ ಕೊಡುತ್ತಿದ್ದಾಗ. ಗುತ್ತಿಗೆದಾರ ಒಳಗುತ್ತಿಗೆ ಕೊಟ್ಟು, ಅವನು ಚೀಟಿ ಇಲ್ಲದೆ ಅಡಿಗಿಷ್ಟು ಅಂತ ಕೀಳ್ತಿದ್ದ. ನಿಮ್ಮಲ್ಲೂ ಮಳಿಗೆ ಒಳಗುತ್ತಿಗೆ ಇದ್ದೇ ಇರುತ್ತೆ, ಅಲ್ವಾ? ಬಜ್ಜಿಗೆ ₹80 ಆಗೋದು ಎಣ್ಣೆಯಿಂದಲ್ಲ, ಅದರಿಂದ.

---

ಶೆಟ್ರಅಂಗಡಿ

ಇದೆ ಅಣ್ಣ. ದೊಡ್ಡ ಜಾಗ ಒಬ್ಬರಿಗೇ ಕೊಟ್ಟಾಗ ಇದು ತಪ್ಪಲ್ಲ. ಟೆಂಡರಿನಲ್ಲಿ ಮಳಿಗೆಯ ಗರಿಷ್ಠ ಬಾಡಿಗೆ ನಮೂದಿಸಿ ಅದನ್ನು ದೊಡ್ಡ ಫಲಕದಲ್ಲಿ ಗೇಟಿಗೆ ಹಾಕಿಸಿದರೆ ಅರ್ಧ ಕಡಿಮೆಯಾಗುತ್ತೆ. 1880ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಈ ಪ್ರದರ್ಶನ ಶುರುವಾದಾಗಿನ ಉದ್ದೇಶವೇ ನಾಡಿನ ಬೆಳೆ, ಕೈಕಸುಬು ತೋರಿಸೋದು. ಈಗ ಪ್ಲಾಸ್ಟಿಕ್ ಬಕೆಟ್ ಮಳಿಗೆ ಎಣಿಸಿ ನೋಡಿ.

---

ಗಂಗೋತ್ರಿಬಯಲು

ಸರಿ, ಅಳೆಯೋದು ಹೇಗೆ ಅಂತ ಹೇಳಿ. ವಿದ್ಯಾರ್ಥಿಗಳನ್ನು ಹೊಂದಿಸಬಹುದು. ಪ್ರಶ್ನೆ ಏನಿರಬೇಕು?

---

ಖಾತೆಕಿರ್ದಿ

ಪ್ರಶ್ನೆ ಆರಕ್ಕಿಂತ ಹೆಚ್ಚು ಬೇಡ, ನಿಂತಲ್ಲೇ ಎರಡು ನಿಮಿಷದಲ್ಲಿ ಮುಗಿಯಬೇಕು. ಯಾವ ಊರು (ಪಿನ್‌ಕೋಡ್ ಸಾಕು). ಜೊತೆಗೆ ಎಷ್ಟು ಜನ. ಎಷ್ಟು ರಾತ್ರಿ, ಲಾಡ್ಜೋ ನೆಂಟರ ಮನೆಯೋ. ದಸರಾ ಇಲ್ಲದಿದ್ದರೂ ಈ ತಿಂಗಳು ಬರುತ್ತಿದ್ದರೇ. ಇಡೀ ಗುಂಪಿನ ಖರ್ಚು ರೂಮು, ಊಟ, ಓಡಾಟ, ಟಿಕೆಟ್, ಖರೀದಿ ಅಂತ ಬೇರೆ ಬೇರೆ. ರೂಮು ಬುಕ್ ಮಾಡಿದ್ದು ಹೇಗೆ.

ಕೇಳುವ ಜಾಗ ಮುಖ್ಯ. ಅರಮನೆ ಬಾಗಿಲಲ್ಲಿ ಬರುವಾಗ ಕೇಳಿದರೆ ಇನ್ನೂ ಖರ್ಚೇ ಆಗಿರಲ್ಲ. ಊರು ಬಿಡುವಾಗ ಕೇಳಿ: ಸಬರ್ಬನ್ ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ, ಪಾರ್ಕಿಂಗ್ ಜಾಗಗಳಿಂದ ಹೊರಗೆ ಹೋಗುವ ದಾರಿ. 400 ಗುಂಪುಗಳನ್ನು ಯಾದೃಚ್ಛಿಕವಾಗಿ ಆರಿಸಿದರೆ, ಉದಾಹರಣೆಗೆ ಪ್ರತಿ ಇಪ್ಪತ್ತನೆಯವರನ್ನು, ಶೇಕಡಾವಾರು ಅಂಕಿಗಳಲ್ಲಿ ತಪ್ಪು ಹೆಚ್ಚುಕಡಿಮೆ 5%ರೊಳಗೆ ಇರುತ್ತೆ. ನಗುಮುಖದವರನ್ನೇ ಆರಿಸಿ ಕೇಳುವ ಚಾಳಿ ವಿದ್ಯಾರ್ಥಿಗಳಿಗೆ ಇರುತ್ತೆ, ಅದಕ್ಕೇ ಎಣಿಸಿ ನಿಲ್ಲಿಸುವ ನಿಯಮ. ಬರೀ ಬಸ್ ನಿಲ್ದಾಣದಲ್ಲಿ ಕೇಳಿದರೆ ಕಾರಿನವರ ಖರ್ಚು ತಪ್ಪಿಹೋಗುತ್ತೆ, ಆದ್ದರಿಂದ ಆಯಾ ದಾರಿಯಲ್ಲಿ ಹೋದ ಜನರ ಪ್ರಮಾಣಕ್ಕೆ ತಕ್ಕ ತೂಕ ಕೊಡಿ.

ತಾಳೆ ನೋಡಲು ಮೃಗಾಲಯದ ದಿನವಾರು ಟಿಕೆಟ್, ಸಾರಿಗೆ ಸಂಸ್ಥೆಯ ವಿಶೇಷ ಬಸ್ಸುಗಳ ಆದಾಯ, ನಂದಿನಿ ಹಾಲಿನ ಮಾರಾಟ, ಪಾಲಿಕೆಯ ಕಸದ ಟನ್. ಹಾಲು ಮತ್ತು ಕಸ ಸುಳ್ಳು ಹೇಳಲ್ಲ. ಅರಮನೆ ಟಿಕೆಟ್ ಒಂದನ್ನೇ ನಂಬಬೇಡಿ, ಆಯುಧಪೂಜೆ ವಿಜಯದಶಮಿಗಳಲ್ಲಿ ಪ್ರವೇಶಕ್ಕೆ ನಿರ್ಬಂಧ ಇರುವುದರಿಂದ ಜನ ತುಂಬಿದ ದಿನವೇ ಅಂಕಿ ಬಿದ್ದಿರುತ್ತೆ. ಹೋಲಿಕೆಗೆ 2020, 2021 ತಗೊಳ್ಳಬೇಡಿ. 2020ರಲ್ಲಿ ಐದೇ ಆನೆ, ಸವಾರಿ ಅರಮನೆ ಆವರಣದೊಳಗೇ ಮುಗಿಯಿತು, ಕೋವಿಡ್‌ನಿಂದ ಹಬ್ಬ ಇಲ್ಲದಿದ್ದರೂ ಪ್ರವಾಸಿಗರು ಬರುತ್ತಿರಲಿಲ್ಲ.

---

ಲಾಡ್ಜ್‌ಕೀಲಿ

ರೂಮು ಬಿಡುವಾಗ ಸ್ವಾಗತಕಾರರ ಹತ್ತಿರ ಅದೇ ಹಾಳೆ ಇಡಿಸಬಹುದು. ನೆಂಟರ ಮನೆಯಲ್ಲಿ ಉಳಿದವರನ್ನು ಬಿಡಬೇಡಿ ಸರ್. ಅವರು ರೂಮಿಗೆ ಕೊಡಲ್ಲ, ಆದರೆ ಆ ಮನೆಯವರ ದಿನಸಿ ಖರ್ಚು ಎರಡು ಪಟ್ಟಾಗಿರುತ್ತೆ.

---

ಖಾತೆಕಿರ್ದಿ

ಒಳ್ಳೇ ಮಾತು, ಅದಕ್ಕೊಂದು ಸಾಲು ಹಾಕೋಣ. ಖರೀದಿಯಲ್ಲಿ ಮೈಸೂರು ಸಿಲ್ಕ್ ಸೀರೆಯನ್ನು ಪ್ರತ್ಯೇಕ ಬರೆಸಿ. ನಾನೂರು ಗುಂಪಿನಲ್ಲಿ ನಾಲ್ಕು ಮಂದಿ ಮದುವೆ ಸೀರೆ ಕೊಂಡಿದ್ದರೆ ಸರಾಸರಿ ಕೆಟ್ಟುಹೋಗುತ್ತೆ. ಊಟ, ಓಡಾಟಕ್ಕೆ ಸರಾಸರಿ ಸಾಕು. ಖರೀದಿಗೆ ಮಾತ್ರ ಎಲ್ಲ ಹಾಳೆಯನ್ನೂ ಮೊತ್ತದ ಪ್ರಕಾರ ಜೋಡಿಸಿ ನಟ್ಟನಡುವಿನ ಅಂಕಿಯನ್ನೂ ಬರೆದುಕೊಳ್ಳಿ. ಸೀರೆಯ ಮೊತ್ತವನ್ನು ಜನಸಂಖ್ಯೆಗೆ ಗುಣಿಸಬೇಡಿ, ಅದನ್ನು ರೇಷ್ಮೆ ಮಳಿಗೆಗಳ ಆ ತಿಂಗಳ ಮಾರಾಟದಿಂದಲೇ ತಗೊಳ್ಳಿ.